‘ಒಳ್ಳೇದು ಮಾಡ್ರಣ್ಣ’ ಎನ್ನುವ ಆಸ್ಪತ್ರೆ

ರೋಮ್‌ಗೆ ಬಂದ ಎರಡನೇ ದಿನವೇ ನನಗೆ ಕೆಮ್ಮು ಹತ್ತಿಕೊಂಡಿತು. ನವೆಂಬರ್ ಚಳಿ, ಜೊತೆಗೆ ಜಿಟಿಜಿಟಿ ಮಳೆ. ಕೊಲೋಸಿಯಮ್ ಮುಂದಿನ ಕ್ಯೂ ನೋಡಿಯೇ ಸುಸ್ತಾಗಿ, ನಾನೂ ಹೆಂಡತಿಯೂ ಸುಮ್ನೆ ನದಿ ಕಡೆ ನಡೆದೆವು.

ಟೈಬರ್ ನದಿಯ ನಡುವೆ ಒಂದು ಪುಟ್ಟ ನಡುಗಡ್ಡೆ. ಈ ತುದಿಯಿಂದ ಆ ತುದಿಗೆ ಮುನ್ನೂರು ಮೀಟರೂ ಇಲ್ಲ. ಅದರಲ್ಲಿ ಜಾಸ್ತಿ ಜಾಗ ಆಸ್ಪತ್ರೆಯದ್ದೇ. ನಾವು ದಾಟಿದ ಫಾಬ್ರಿಚೊ ಸೇತುವೆ ಕಟ್ಟಿದ್ದು ಕ್ರಿ.ಪೂ. 62ರಲ್ಲಿ. ಇವತ್ತಿಗೂ ಜನ ಅದರ ಮೇಲೇ ಓಡಾಡುತ್ತಾರೆ. ನಮ್ಮೂರಿನ ಮೋರಿ ಎರಡು ಮಳೆಗಾಲ ತಡೆಯುವುದಿಲ್ಲ, ಬಿಡಿ.

ಸಂತ ಬಾರ್ತೊಲೊಮಿಯೊ ಚರ್ಚಿನ ಮುಂದೆ ಚಿಕ್ಕ ಅಂಗಳ. ನಡುವೆ ಗೋಪುರದಂಥ ಕಲ್ಲಿನ ಕಂಬ, ಅದರ ಗೂಡುಗಳಲ್ಲಿ ನಾಲ್ವರು ಸಂತರು. 1869ರಲ್ಲಿ ಇಗ್ನಾಜಿಯೊ ಜಾಕೊಮೆತ್ತಿ ಕಡೆದದ್ದು. ರೋಮ್‌ನ ದೊಡ್ಡ ಶಿಲ್ಪಿ ಬರ್ನಿನಿಯ ಕೆಲಸ ನೋಡಿ ಬಂದ ಕಣ್ಣಿಗೆ ಸ್ವಲ್ಪ ಸಪ್ಪೆಯೇ. ಆದರೆ ನಾನು ಹುಡುಕಿಕೊಂಡು ಬಂದದ್ದು ಆ ನಾಲ್ವರಲ್ಲಿ ಒಬ್ಬನನ್ನು: ಜೊವಾನಿ ದಿ ದಿಯೊ, ಅಂದರೆ ‘ದೇವರ ಜಾನ್’. ಪಕ್ಕದ ಆಸ್ಪತ್ರೆ ಶುರುವಾಗಿದ್ದೇ ಇವನ ಶಿಷ್ಯರಿಂದ.

ಇವನ ಕಥೆ ಕೇಳಿ. ಹುಟ್ಟಿದ್ದು 1495ರಲ್ಲಿ, ಪೋರ್ಚುಗಲ್‌ನಲ್ಲಿ. ಕುರಿ ಕಾಯ್ದ, ಸಿಪಾಯಿಯಾದ, ಕೊನೆಗೆ ಸ್ಪೇನ್‌ನ ಗ್ರನಾಡಾದಲ್ಲಿ ಪುಸ್ತಕ ಮಾರುತ್ತಿದ್ದ. ಒಂದು ದಿನ ಒಂದು ಪ್ರವಚನ ಕೇಳಿದ ಮೇಲೆ ಬಟ್ಟೆ ಹರಿದುಕೊಂಡು, ಅಳುತ್ತಾ ಬೀದಿ ಬೀದಿ ಓಡಿದನಂತೆ. ಹುಚ್ಚು ಹಿಡಿದಿದೆ ಅಂತ ಜನ ಅವನನ್ನು ರಾಜನ ಆಸ್ಪತ್ರೆಗೆ ಸೇರಿಸಿದರು. ಆ ಕಾಲದಲ್ಲಿ ಹುಚ್ಚಿಗೆ ಮದ್ದು ಚಾಟಿಯೇಟು. ಅದನ್ನೆಲ್ಲ ತಿಂದು ಹೊರಗೆ ಬಂದವನು ತಾನೇ ಒಂದು ಆಸ್ಪತ್ರೆ ತೆರೆದ. ದುಡ್ಡೆಲ್ಲಿ? ರಾತ್ರಿ ಬುಟ್ಟಿ ಹೊತ್ತು ಬೀದಿಗಿಳಿದು ಕೂಗುತ್ತಿದ್ದ: ‘ಅಣ್ಣಂದಿರೇ, ನಿಮಗೆ ನೀವೇ ಒಳ್ಳೇದು ಮಾಡಿಕೊಳ್ಳಿ!’ ಬೇಡುವವನು ಕೊಡುವವನಿಗೇ ಉಪಕಾರ ಮಾಡುತ್ತಿದ್ದೇನೆ ಅನ್ನುವುದು! ಈ ಧೈರ್ಯ ನನಗೆ ತುಂಬ ಹಿಡಿಸಿತು.

1585ರಲ್ಲಿ ಅವನ ಶಿಷ್ಯರು ಈ ನಡುಗಡ್ಡೆಯಲ್ಲಿ ಆಸ್ಪತ್ರೆ ಕಟ್ಟಿದರು. ಆ ಕೂಗು ಇಟಲಿ ಭಾಷೆಯಲ್ಲಿ ‘ಫಾತೆ ಬೆನೆ, ಫ್ರಾತೆಲ್ಲಿ’ ಆಯಿತು. ನಮ್ಮಲ್ಲಾದರೆ ‘ಒಳ್ಳೇದು ಮಾಡ್ರಣ್ಣ’. ಅದೇ ಆಸ್ಪತ್ರೆಯ ಹೆಸರಾಗಿ ನಿಂತಿತು: ಫಾತೆಬೆನೆಫ್ರಾತೆಲ್ಲಿ.

ಅದಕ್ಕೂ ಮೊದಲೇ ಇದು ರೋಗಿಗಳ ಜಾಗ. ಕ್ರಿ.ಪೂ. 293ರ ಹೊತ್ತಿಗೆ ರೋಮ್‌ನಲ್ಲಿ ದೊಡ್ಡ ಪಿಡುಗು ಬಂತು. ವೈದ್ಯದೇವರು ಎಸ್ಕುಲೇಪಿಯಸ್‌ನ ಹಾವನ್ನು ಗ್ರೀಸ್‌ನಿಂದ ಹಡಗಿನಲ್ಲಿ ತಂದರಂತೆ. ಹಾವು ಜಾರಿ ಇಲ್ಲಿ ಇಳಿಯಿತಂತೆ. ಅಲ್ಲೇ ಗುಡಿ ಎದ್ದಿತು. ಆ ಗುಡಿಯ ಜಾಗದಲ್ಲೇ ಈಗಿನ ಚರ್ಚು. ಒಳಗೆ ಪೂಜಾಪೀಠದ ಮೆಟ್ಟಿಲಲ್ಲಿ ಹಳೇ ಬಾವಿಯೊಂದು ಇದೆ.

ಮಳೆ ಜೋರಾದಾಗ ಚರ್ಚಿನ ಜಗಲಿಗೆ ಓಡಿದೆವು. ನನಗೆ ಕೆಮ್ಮು ಒತ್ತರಿಸಿ ಬಂತು. ಆಗ ಹೆಂಡತಿಗೆ ಹೇಳಿದೆ, ಇಲ್ಲಿ ಕೆಮ್ಮಿಗೊಂದು ಬೇರೆಯೇ ಕಥೆ ಇದೆ ಅಂತ.

ಸೇತುವೆಯ ಆಚೆ ದಡವೇ ಯಹೂದಿಗಳ ಕೇರಿ. 1943ರ ಅಕ್ಟೋಬರ್ 16ರ ಬೆಳಗ್ಗೆ ಜರ್ಮನ್ನರು ಅಲ್ಲಿಗೂ ಊರಿನ ಉಳಿದ ಕಡೆಗೂ ನುಗ್ಗಿ, ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಆಶ್‌ವಿಟ್ಸ್‌ನ ನಾಜಿ ಸಾವಿನ ಶಿಬಿರಕ್ಕೆ ಸಾಗಿಸಿದರು. ಮರಳಿ ಬಂದವರು 16 ಮಂದಿ. ತಪ್ಪಿಸಿಕೊಂಡ ಕೆಲವರು ಈ ಆಸ್ಪತ್ರೆ ಸೇರಿದರು. ಡಾಕ್ಟರ್ ಜೊವಾನಿ ಬೊರೊಮೆಯೊ ಮತ್ತು ಜೊತೆಯವರು ಅವರಿಗೆಲ್ಲ ಒಂದು ರೋಗ ಅಂಟಿಸಿದರು: ‘ಮೊರ್ಬೊ ದಿ ಕೆ’, ಕೆ ರೋಗ. ಅಂಥ ರೋಗವೇ ಇಲ್ಲ! ಜರ್ಮನ್ ಅಧಿಕಾರಿಗಳಾದ ಕೆಸ್ಸೆಲ್ರಿಂಗ್, ಕಾಪ್ಲರ್ ಹೆಸರಿನ ಮೊದಲ ಅಕ್ಷರ ತೆಗೆದು ಮಾಡಿದ ಕುಚೋದ್ಯ. ಸಿಪಾಯಿಗಳು ತಪಾಸಣೆಗೆ ಬಂದಾಗ ಜೋರಾಗಿ ಕೆಮ್ಮಬೇಕು ಅಂತ ‘ರೋಗಿ’ಗಳಿಗೆ ಹೇಳಿಕೊಟ್ಟಿದ್ದರು. ಭಯಂಕರ ಅಂಟುರೋಗ ಎಂದು ಕೇಳಿ ಸಿಪಾಯಿಗಳು ವಾರ್ಡಿನ ಒಳಗೆ ಕಾಲಿಡಲಿಲ್ಲ. 2004ರಲ್ಲಿ ನಾಜಿಗಳು ಕೊಂದ ಯಹೂದಿಗಳ ನೆನಪು ಕಾಯುವ ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ ಬೊರೊಮೆಯೊ ಅವರನ್ನು ಗೌರವಿಸಿತು. ಅಷ್ಟರಲ್ಲಿ ಅವರು ತೀರಿಕೊಂಡು ನಾಲ್ಕು ದಶಕ ದಾಟಿತ್ತು.

ಮಳೆ ನಿಂತಿತು. ಜಾನ್‌ನ ಕಲ್ಲಿನ ಹೆಗಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆಸ್ಪತ್ರೆ ಬಾಗಿಲಲ್ಲಿ ಒಬ್ಬ ಯುವಕ ಹೂಗುಚ್ಛ ಹಿಡಿದು ಓಡುತ್ತಿದ್ದ. ಮಗು ಹುಟ್ಟಿರಬೇಕು, ರೋಮ್‌ನವರಿಗೆ ಇದು ಹೆಸರುವಾಸಿ ಹೆರಿಗೆ ಆಸ್ಪತ್ರೆ.

ಅದೇ ಸೇತುವೆ ದಾಟಿ ಕೇರಿಯ ಕಡೆ ಹೊರಟೆವು. ನಡುವೆ ಮತ್ತೆ ಕೆಮ್ಮು. ಎದುರಿಗೆ ಬರುತ್ತಿದ್ದ ಅಜ್ಜಿಯೊಬ್ಬರು ಸರಕ್ಕನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.