ಗದ್ದ ಇಳಿಸಿದರೆ ಬ್ಲೂಸ್

ಜಪಾನಿನ ಕ್ಯೋಟೋದಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ಕೇಳುವವರು ಜಾಸ್ತಿ. ದೇವಸ್ಥಾನ ನೋಡೋಕೆ ಬಂದು ಹೋಗುವವರಿಗೆ ಇದು ಗೊತ್ತಾಗೋದಿಲ್ಲ. 1970ರ ದಶಕದಲ್ಲಿ ಈ ಊರಿನ ಹುಡುಗರಿಗೆ ಬ್ಲೂಸ್ ಹುಚ್ಚು ಹಿಡಿದಿತ್ತು. ಸಾಕೆ ಅನ್ನೋ ಅಕ್ಕಿ ಮದ್ಯ ಇಡುತ್ತಿದ್ದ ಹಳೆಯ ಗೋದಾಮಿನಲ್ಲಿ 1973ರಲ್ಲಿ ಶುರುವಾದ ಜಿತ್ತೋಕು ಅನ್ನೋ ಜಾಗದಲ್ಲಿ ಇವತ್ತಿಗೂ ಕಾರ್ಯಕ್ರಮ ನಡೆಯುತ್ತವೆ. ಆವತ್ತಿನ ಹುಡುಗರು ಈಗ ಅಜ್ಜಂದಿರು. ಕೆಲವರು ಗಿಟಾರ್ ಹೆಗಲಿಗೆ ಹಾಕಿಕೊಂಡು ಈಗಲೂ ಅಲ್ಲಿ ಇಲ್ಲಿ ಸೆಷನ್‌ಗಳಿಗೆ ಬರುತ್ತಾರೆ. ಸೆಷನ್ ಅಂದರೆ ಹೆಸರು ಬರೆಸೋದು, ಸರದಿ ಬಂದಾಗ ವೇದಿಕೆ ಹತ್ತೋದು, ಪರಿಚಯವೇ ಇಲ್ಲದವರ ಜೊತೆ ನುಡಿಸಿ ಇಳಿಯೋದು.

ಕಳೆದ ಚಳಿಗಾಲದಲ್ಲಿ ಅಂಥ ಒಂದು ಸೆಷನ್‌ಗೆ ನಾನು ಶಾಕುಹಾಚಿ, ಅಂದರೆ ಜಪಾನಿನ ಬಿದಿರಿನ ಕೊಳಲು, ತಗೊಂಡು ಹೋದೆ. ನೆಲಮಾಳಿಗೆಯ ಚಿಕ್ಕ ಬಾರ್. ಇಪ್ಪತ್ತು ಜನ ಕೂತರೆ ತುಂಬಿಹೋಗುತ್ತದೆ. ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ವಾದ್ಯ ಬರೆದಾಗ ಕೌಂಟರ್ ಹಿಂದಿದ್ದ ಹೆಂಗಸು ಒಮ್ಮೆ ಹಾಳೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಬ್ಲೂಸಿಗಾ?" ಅಂದರು. ಹೌದು ಅಂದೆ. ಅವರು ಮತ್ತೇನೂ ಕೇಳದೆ ನನ್ನನ್ನು ಹಾರ್ಮೋನಿಕಾದವರ ಸಾಲಿಗೆ ಹಾಕಿದರು. ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಶಾಕುಹಾಚಿ ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವ ವಾದ್ಯ ಅಲ್ಲ. ನೇರ ಹಿಡಿದು, ಮೇಲಿನ ತುದಿಯನ್ನು ಕೆಳತುಟಿಯ ಕೆಳಗೆ ಗದ್ದಕ್ಕೆ ಒತ್ತಿ, ಓರೆಯಾಗಿ ಕೊಯ್ದ ಅಂಚಿನ ಮೇಲೆ ಉಸಿರು ಬಿಡಬೇಕು. ಮದಾಕೆ ಅನ್ನುವ ಬಿದಿರಿನ ಬುಡದಿಂದ ಮಾಡ್ತಾರೆ. ಬೇರು ಕಿತ್ತ ಗುರುತುಗಳು ತುದಿಯಲ್ಲಿ ಹಾಗೇ ಉಳಿದಿರುತ್ತವೆ. ಸಾಮಾನ್ಯ ಅಳತೆಯದು ಸುಮಾರು 54.5 ಸೆಂಟಿಮೀಟರ್ ಉದ್ದ. ರಂಧ್ರ ಐದೇ ಐದು. ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೆ ಒಂದು. ಈ ಐದು ರಂಧ್ರಗಳಿಂದ ಸಲೀಸಾಗಿ ಬರುವ ಸ್ವರಗಳೂ ಐದು. ಪಾಶ್ಚಾತ್ಯ ಲೆಕ್ಕದಲ್ಲಿ ಡಿ, ಎಫ್, ಜಿ, ಎ, ಸಿ.

ನಮ್ಮ ಲೆಕ್ಕದಲ್ಲಿ ಹೇಳಿದರೆ ಸ ಗ ಮ ಪ ನಿ. ಗಾಂಧಾರ ಸಾಧಾರಣ, ನಿಷಾದ ಕೈಶಿಕಿ. ಶುದ್ಧ ಧನ್ಯಾಸಿ, ಅಲ್ವಾ? 'ನಾರಾಯಣ ನಿನ್ನ ನಾಮದ' ಕೇಳುತ್ತಾ ಬೆಳೆದವರಿಗೆ ಈ ಐದು ಸ್ವರ ಮನೆಯವೇ. ಬ್ಲೂಸ್ ಗಿಟಾರ್ ಕಲಿಯುವವರು ಮೊದಲು ಬೆರಳಿಗೆ ಕೂರಿಸಿಕೊಳ್ಳುವ ಮೈನರ್ ಪೆಂಟಾಟಾನಿಕ್ ಕೂಡ ಇದೇ. ಸ್ವರ ಒಂದೇ ಆದರೆ ಸಂಗೀತ ಒಂದೇ ಆಗೋದಿಲ್ಲ, ನಿಜ. ಆದರೆ ಬ್ಲೂಸ್‌ಗೆ ಬೇಕಾದ ಇನ್ನೊಂದು ಸ್ವರ ಇದೆ. ಅದು ಮ ಮತ್ತು ಪ ನಡುವಿನದು, ಪ್ರತಿ ಮಧ್ಯಮದ ಆಸುಪಾಸಿನದು. ಬ್ಲೂಸ್‌ನಲ್ಲಿ ಎರಡೂ ಮಧ್ಯಮ ಪಕ್ಕಪಕ್ಕದಲ್ಲೇ ಬರುತ್ತವೆ. ಆ ನಡುವಿನ ಸ್ವರದಲ್ಲಿ ನಿಂತಾಗ ಹೊಟ್ಟೆಯೊಳಗೆ ಏನೋ ಕಲಕುತ್ತದೆ. ಅದಕ್ಕೆ ಶಾಕುಹಾಚಿಯಲ್ಲಿ ರಂಧ್ರ ಇಲ್ಲ.

ಗದ್ದ ಇದೆ. ಪಂಚಮದ ಸ್ವರಕ್ಕೆ ಇಲ್ಲಿ ಚಿ ಅಂತ ಹೆಸರು. ಚಿ ಹಿಡಿದು, ಬೆರಳಿನಿಂದ ರಂಧ್ರ ಸ್ವಲ್ಪ ಮರೆ ಮಾಡಿ, ಗದ್ದವನ್ನು ಎದೆಯ ಕಡೆಗೆ ಇಳಿಸಿದರೆ ತುಟಿಗೂ ಅಂಚಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಸ್ವರ ಕೆಳಗೆ ಜಾರುತ್ತದೆ. ಜಾರುವಾಗ ಅದರ ದನಿಯೂ ಬದಲಾಗುತ್ತದೆ, ಮುಸುಕು ಹಾಕಿದಂತೆ ಒಳಗೆ ಸರಿಯುತ್ತದೆ. ಇದಕ್ಕೆ ಮೆರಿ ಅನ್ನುತ್ತಾರೆ. ಶಾಕುಹಾಚಿಯವರ ಕಷ್ಟ ಸುಖ ಎಲ್ಲ ಇರೋದು ಮೆರಿಯಲ್ಲಿ. ತಲೆ ಅಲ್ಲಾಡಿಸೋದು ಕಲಿಯೋಕೇ ಮೂರು ವರ್ಷ ಬೇಕು ಅಂತ ಇಲ್ಲಿ ಗಾದೆಯೇ ಇದೆ.

ಹಾರ್ಮೋನಿಕಾದವರು ಮಾಡೋದೂ ಇದನ್ನೇ. ಬಾಯೊಳಗೆ ನಾಲಿಗೆ, ಗಂಟಲಿನ ಆಕಾರ ಬದಲಿಸಿ, ಉಸಿರು ಎಳೆಯುವಾಗ ಸ್ವರವನ್ನು ಕೆಳಗೆ ಬಗ್ಗಿಸುತ್ತಾರೆ. ಗಿಟಾರಿನವರು ತಂತಿ ಎಳೆಯುತ್ತಾರೆ, ಇಲ್ಲ ಗಾಜಿನ ಕೊಳವೆ ಜಾರಿಸುತ್ತಾರೆ. ಪಿಯಾನೋಗೆ ಮಾತ್ರ ಈ ಭಾಗ್ಯ ಇಲ್ಲ. ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ನಡುವಿನದನ್ನು ಕೇಳುವವರ ಕಿವಿಗೆ ಬಿಡಬೇಕು.

ಆ ಸಂಜೆ ಹೊರಗೆ ವಿಪರೀತ ಚಳಿ. ಚಳಿಯಲ್ಲಿ ಬಿದಿರಿನೊಳಗಿನ ಗಾಳಿ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಅದಕ್ಕೇ ಸರದಿ ಬರುವ ತನಕ ಕೊಳಲನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡೇ ಕೂತಿದ್ದೆ. ಆಗಾಗ ಶಬ್ದ ಬಾರದ ಹಾಗೆ ಬಿಸಿ ಉಸಿರು ಒಳಗೆ ಬಿಡುತ್ತಿದ್ದೆ.

ಹತ್ತಿದ ಮೇಲೆ ಗಿಟಾರಿನ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ. "ಇ ಕೀಯಲ್ಲಿ ಹೋಗೋಣ್ವಾ?" ಕೀ ಅಂದರೆ ಇಲ್ಲಿ ಹಾಡಿನ ಆಧಾರ ಷಡ್ಜ ಯಾವ ಸ್ವರ ಅನ್ನೋದು. ಗಿಟಾರಿನವರಿಗೆ ಇ, ಎ ಅಂದರೆ ಪ್ರೀತಿ. ತೆರೆದ ತಂತಿಗಳೆಲ್ಲ ಅಲ್ಲೇ ಕೈಗೆ ಸಿಗುತ್ತವೆ. ನನ್ನ ಕೊಳಲು ಡಿ. ಬೇರೆ ಕೀ ನುಡಿಸೋಕೆ ಆಗೋದೇ ಇಲ್ಲ ಅಂತಲ್ಲ. ಆದರೆ ಆಧಾರ ಷಡ್ಜವೇ ಮೆರಿಯಲ್ಲಿ ಬಂದರೆ ಇಡೀ ಹಾಡು ಮುಸುಕಿನೊಳಗೇ ಇರುತ್ತದೆ. "ಡಿ ಆದರೆ ಒಳ್ಳೇದು" ಅಂದೆ. ಅವರು ತಲೆಯಾಡಿಸಿ ದಪ್ಪ ತಂತಿಯ ಬಿರಡೆ ತಿರುಗಿಸಿದರು. ಇ ಇದ್ದದ್ದು ಡಿಗೆ ಇಳಿಯಿತು. ಆಮೇಲೆ ನನ್ನ ಕಡೆ ನೋಡಿ, "ಕೊಡಿ" ಅಂದರು. ನಾನು ಎಲ್ಲ ರಂಧ್ರ ಮುಚ್ಚಿ ಕೆಳಗಿನ ರೋ, ಅಂದರೆ ಡಿ, ಊದಿದೆ. ಅವರು ಟ್ಯೂನರ್ ನೋಡಲೇ ಇಲ್ಲ. ನನ್ನ ರೋಗೆ ಸರಿಯಾಗಿ ತಂತಿ ಕೂರಿಸಿ, ಉಳಿದವನ್ನೂ ಅದಕ್ಕೇ ಹೊಂದಿಸಿದರು. ಬೇಸ್ ನುಡಿಸುವ ಹುಡುಗಿಯೂ ಹಾಗೇ ಮಾಡಿದಳು. ಬಿದಿರಿಗೆ ಅಷ್ಟು ಗೌರವ ಸಿಕ್ಕಿದ್ದು ನೋಡಿ ನನಗೆ ತುಂಬ ಸಂತೋಷ ಆಯ್ತು. ಮೈಕನ್ನು ನಾನೇ ಸ್ವಲ್ಪ ಪಕ್ಕಕ್ಕೆ, ತುಟಿಗಿಂತ ಕೆಳಗೆ ಸರಿಸಿಕೊಂಡೆ. ನೇರ ಎದುರಿಗಿದ್ದರೆ ಗಾಳಿ ಬಡಿದು ಬರೀ ದಬದಬ ಶಬ್ದ ಬರುತ್ತದೆ.

ನಿಧಾನದ ಬ್ಲೂಸ್. ಹನ್ನೆರಡು ಬಾರ್‌ಗಳ ಸುತ್ತು. ಬಾರ್ ಅಂದರೆ ಇಲ್ಲಿ ತಾಳದ ಒಂದು ತುಂಡು. ಮೊದಲ ನಾಲ್ಕು ಬಾರ್ ಡಿ. ಆಮೇಲೆ ಜಿ ಎರಡು, ಮತ್ತೆ ಡಿ ಎರಡು. ಕೊನೆಯ ನಾಲ್ಕರಲ್ಲಿ ಎ ಒಂದು, ಜಿ ಒಂದು, ಮತ್ತೆ ಮನೆಗೆ. ಕಾಗದದ ಮೇಲೆ ಇಷ್ಟೇ. ಮೊದಲ ಸುತ್ತು ನಾನು ಸುಮ್ನೆ ಕೇಳಿದೆ.

ಎರಡನೇ ಸುತ್ತಿನಲ್ಲಿ ತ್ಸು ಹಿಡಿದೆ. ತ್ಸು ಅಂದರೆ ಎಫ್, ನಮ್ಮ ಸಾಧಾರಣ ಗಾಂಧಾರ. ಕೆಳಗೆ ಗಿಟಾರ್ ಡಿ ಸೆವೆಂತ್ ಕಾರ್ಡ್ ಹಿಡಿದಿದೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಒಂದು ಗುಂಪು. ಅದರೊಳಗಿರೋದು ಅಂತರ ಗಾಂಧಾರ. ಎರಡು ಗಾಂಧಾರ ಒಂದನ್ನೊಂದು ಉಜ್ಜುತ್ತವೆ. ಬ್ಲೂಸ್ ಶುರುವಾಗೋದು ಆ ಉಜ್ಜಾಟದಲ್ಲೇ. ನಾನು ತ್ಸು ಬಿಡಲಿಲ್ಲ. ಐದನೇ ಬಾರ್‌ಗೆ ಕೆಳಗಿನ ಕಾರ್ಡ್ ಜಿಗೆ ಸರಿಯಿತು. ಅದೇ ತ್ಸು, ಬೆರಳು ಅದೇ, ಗದ್ದ ಅದೇ. ಆದರೆ ಜಿ ಸೆವೆಂತ್‌ನಲ್ಲಿ ಎಫ್ ಮನೆಯ ಸ್ವರ. ಅಲ್ಲಿಯ ತನಕ ಅಳುತ್ತಿದ್ದದ್ದು ಒಮ್ಮೆಲೇ ನಿರಾಳ ಆಯ್ತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಮನೆಯಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಅಭ್ಯಾಸವನ್ನೂ ಮಾಡಿದ್ದೆ. ನಿಜವಾದ ಮನುಷ್ಯರು ಪಕ್ಕದಲ್ಲಿ ನಿಂತು ಕಾರ್ಡ್ ಬದಲಿಸಿದಾಗ ಗದ್ದದ ಎಲುಬಿನಲ್ಲಿ ಅದು ತಿಳಿಯುತ್ತದೆ. ಶಾಕುಹಾಚಿ ಗದ್ದಕ್ಕೆ ಒತ್ತಿಕೊಂಡೇ ಇರುವ ವಾದ್ಯ ತಾನೇ.

ಸ್ವರಕ್ಕಿಂತ ದೊಡ್ಡ ವಿಷಯ ಕಾಲದ್ದು. ಅದರ ಬಗ್ಗೆ ಜಾಸ್ತಿ ಹೇಳಬೇಕು.

ಶಾಕುಹಾಚಿಯ ಹಳೆಯ ಕೃತಿಗಳಿಗೆ ಹೋನ್ಕ್ಯೋಕು ಅನ್ನುತ್ತಾರೆ. ತಲೆ ಪೂರ್ತಿ ಮುಚ್ಚುವ ಬುಟ್ಟಿಯಂಥ ಟೋಪಿ ಹಾಕಿ, ಊದುತ್ತಾ ಭಿಕ್ಷೆಗೆ ಹೋಗುತ್ತಿದ್ದ ಕೊಮುಸೋ ಸನ್ಯಾಸಿಗಳ ಸಂಗೀತ ಅದು. ಅವರ ಫುಕೆ ಪಂಥವನ್ನು ಜಪಾನಿನ ಮೇಜಿ ಸರ್ಕಾರ 1871ರಲ್ಲಿ ರದ್ದು ಮಾಡಿತು. ಸಂಗೀತ ಉಳಿಯಿತು. ಅವರಿಗೆ ಊದೋದೇ ಧ್ಯಾನ. ಹಾಗಾಗಿ ಹೋನ್ಕ್ಯೋಕುವಿನಲ್ಲಿ ತಾಳ ಇಲ್ಲ. ಒಂದು ಉಸಿರು ಒಂದು ಸಾಲು. ಉಸಿರು ಎಷ್ಟು ಉದ್ದವೋ ಸಾಲು ಅಷ್ಟು ಉದ್ದ. ಮುಗಿದ ಮೇಲೆ ಮೌನ. ಆ ಮೌನ ಎಷ್ಟು ಹೊತ್ತು ಅನ್ನೋದನ್ನು ಊದುವವರೇ ನಿರ್ಧರಿಸಬೇಕು. ಯಾರೂ ಕಾಯುತ್ತಿರೋದಿಲ್ಲ.

ಬ್ಲೂಸ್‌ನಲ್ಲಿ ಕಾಯುತ್ತಿರುತ್ತಾರೆ. ನಾಲ್ಕು ಬಾರ್‌ನ ಒಂದು ಸಾಲಿನಲ್ಲಿ ಹಾಡುವವರದು ಹೆಚ್ಚುಕಮ್ಮಿ ಮೊದಲ ಎರಡು ಬಾರ್ ಮಾತ್ರ. ಉಳಿದದ್ದು ಗಿಟಾರಿನದು. ಹಾಡು ಕೇಳುತ್ತದೆ, ಗಿಟಾರ್ ಉತ್ತರ ಕೊಡುತ್ತದೆ. ಅಂದರೆ ನನ್ನ ಉಸಿರು ಇನ್ನೂ ಇದ್ದಾಗಲೇ ಸಾಲು ಮುಗಿಸಬೇಕು. ಉಳಿದ ಗಾಳಿಯನ್ನು ಎದೆಯಲ್ಲೇ ಇಟ್ಟುಕೊಂಡು ಜಾಗ ಬಿಡಬೇಕು. ಶಾಕುಹಾಚಿ ಕಲಿತ ದೇಹಕ್ಕೆ ಇದು ಒಗ್ಗೋದಿಲ್ಲ. ಕಾಮೋ ನದಿಯ ದಂಡೆಯಲ್ಲಿ ನಿಂತು ನಾನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಇದೊಂದನ್ನೇ. ಸ್ವರವನ್ನಲ್ಲ, ನಿಲ್ಲಿಸೋದನ್ನು. (ಆ ದಂಡೆಯಲ್ಲಿ ಟ್ರಂಪೆಟ್, ಸ್ಯಾಕ್ಸೋಫೋನ್ ಎಲ್ಲ ಕೇಳಿಸುತ್ತವೆ. ಜಪಾನಿನ ಮನೆಗಳ ಗೋಡೆ ತೆಳು, ಊದುವವರೆಲ್ಲ ನದಿಗೇ ಬರಬೇಕು.)

ಆ ಸಂಜೆ ಮೂರನೇ ಸುತ್ತಿನಲ್ಲಿ ಅದು ಕೂಡಿ ಬಂತು. ರೇ, ಅಂದರೆ ಜಿ ಇಂದ ಶುರು ಮಾಡಿ, ಚಿಯ ಮೆರಿಗೆ ಜಾರಿ, ಅಲ್ಲಿ ಸ್ವಲ್ಪ ನಿಂತು, ತಲೆಯನ್ನು ಪಕ್ಕಕ್ಕೆ ಮೆಲ್ಲಗೆ ಆಡಿಸಿ, ಮತ್ತೆ ರೋಗೆ ಇಳಿದು ನಿಲ್ಲಿಸಿದೆ. ಹಿರಿಯರು ಅದೇ ಜಾರಿಕೆಯನ್ನು ತಂತಿಯ ಮೇಲೆ ಎಳೆದು ತೋರಿಸಿದರು. ನಾನು ಇನ್ನೊಂದು ಕೇಳಿದೆ. ಅವರು ಇನ್ನೊಂದು ಹೇಳಿದರು. ಒಂಬತ್ತನೇ ಬಾರ್‌ನಲ್ಲಿ ಎ ಕಾರ್ಡ್ ಬಂದಾಗ ನಾನು ಮುರಾಯಿಕಿ ಹಾಕಿದೆ. ಉಸಿರನ್ನು ಒಂದೇ ಏಟಿಗೆ ಸ್ಫೋಟಿಸೋದು ಅದು. ಸ್ವರಕ್ಕಿಂತ ಗಾಳಿಯ ಸದ್ದೇ ಹೆಚ್ಚು. ಡ್ರಮ್ಸ್‌ನವರು ತಕ್ಷಣ ಸಿಂಬಲ್‌ನಿಂದ ಅದನ್ನು ಹಿಡಿದರು. ಕೆಳಗಿನಿಂದ ಯಾರೋ "ಯೋಶ್!" ಅಂತ ಕೂಗಿದರು.

ಹಾಡು ಮುಗಿದು ಕೆಳಗೆ ಕೂತಾಗ ಹಿರಿಯರು ನನ್ನ ಪಕ್ಕಕ್ಕೇ ಬಂದರು. ಮಿಸಿಸಿಪ್ಪಿಯ ಓಥಾ ಟರ್ನರ್ ಗೊತ್ತಾ ಅಂತ ಕೇಳಿದರು. ಗೊತ್ತು. ಬ್ಲೂಸ್ ಅಂದರೆ ಗಿಟಾರ್ ಅಂತಲೇ ನಂಬಿರುವವರಿಗೆಲ್ಲ ನಾನೂ ಅವರ ಹೆಸರೇ ಹೇಳೋದು. 1907ರಲ್ಲಿ ಹುಟ್ಟಿ 2003ರಲ್ಲಿ ತೀರಿಹೋದ ರೈತ ಅವರು. ಮಿಸಿಸಿಪ್ಪಿಯ ಉತ್ತರದ ಗುಡ್ಡಗಳ ಕಡೆ ಹೊಳೆದಂಡೆಯಲ್ಲಿ ಬೆಳೆಯುವ ಜೊಂಡು ಬಿದಿರನ್ನು ಕಡಿದು, ಕಾದ ಕಬ್ಬಿಣದ ಸಲಾಕೆಯಿಂದ ರಂಧ್ರ ಸುಟ್ಟು, ತಾವೇ ಕೊಳಲು ಮಾಡಿಕೊಳ್ಳುತ್ತಿದ್ದರು. ಹಿಂದೆ ಡೋಲು, ಮುಂದೆ ಕೊಳಲು. ಊರವರೆಲ್ಲ ಸೇರುವ ಪಿಕ್‌ನಿಕ್‌ಗಳಲ್ಲಿ ಆ ಮೆರವಣಿಗೆ ನಡೆಯುತ್ತಿತ್ತು. ಕಪ್ಪು ಜನರ ಆ ಕೊಳಲು-ಡೋಲಿನ ಪರಂಪರೆ ಬಹಳ ಹಳೆಯದು. ಬಿದಿರು ಬ್ಲೂಸ್‌ಗೆ ಹೊರಗಿನದ್ದಲ್ಲ. ಅದು ಅಲ್ಲಿ ಮೊದಲಿನಿಂದಲೂ ಇತ್ತು.

ಶಾಕುಹಾಚಿಯೂ ಬಹಳ ಹಿಂದೆಯೇ ಹೊಸ್ತಿಲು ದಾಟಿದೆ. ಶಾಕುಹಾಚಿ ವಾದಕ ಯಾಮಾಮೋಟೋ ಹೋಝಾನ್ 1967ರಲ್ಲೇ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದ್ದರು. ಕ್ಯಾಲಿಫೋರ್ನಿಯಾದಿಂದ ಬಂದು ಜಪಾನಿನಲ್ಲೇ ನೆಲೆಸಿದ ಜಾನ್ ಕೈಝಾನ್ ನೆಪ್ಚೂನ್ ಜಾಝ್ ನುಡಿಸಿದರು, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆಗೂ ನುಡಿಸಿದರು. ಪರದೇಶದಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ ನಮ್ಮೂರಿನ ಹೆಸರು ಕಂಡರೆ ಆಗುವ ಖುಷಿಯೇ ಬೇರೆ. ಇಷ್ಟಾದರೂ "ಫ್ಯೂಷನ್" ಅಂತ ಯಾರಾದರೂ ಅಂದಾಗ ನನಗೆ ಒಪ್ಪಿಗೆ ಆಗೋದಿಲ್ಲ. ನಾನು ಆ ಸಂಜೆ ಏನನ್ನೂ ಬೆರೆಸಲಿಲ್ಲ. ಮೆರಿ, ಜಾರಿಕೆ, ಮುರಾಯಿಕಿ ಎಲ್ಲ ಸನ್ಯಾಸಿಗಳ ಕಾಲದವು. ಹೊಸದಾಗಿ ಕಲಿತದ್ದು ಕಾಯೋದೊಂದೇ.

ಮುಂದಿನ ಪಾಠಕ್ಕೆ ಹೋದಾಗ ಸೆನ್ಸೇಗೆ, ಅಂದರೆ ನನ್ನ ಶಾಕುಹಾಚಿ ಗುರುಗಳಿಗೆ, ವಿಷಯ ಹೇಳಿದೆ. ಅವರು ಕಿಂಕೋ ಸಂಪ್ರದಾಯದವರು. ಹದಿನೆಂಟನೇ ಶತಮಾನದ ಕುರೋಸಾವಾ ಕಿಂಕೋ ಸಂಗ್ರಹಿಸಿದ ಕೃತಿಗಳನ್ನು ಅಕ್ಷರ ತಪ್ಪದ ಹಾಗೆ ಕಲಿಸುವವರು. ಕಾಲು ಮಡಚಿ ಕೂತಿದ್ದವರು, "ಕೇಳಿಸು" ಅಂದರು. ಬೇಸ್ ಹುಡುಗಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಡ್ರಮ್ಸ್ ಬಂದಾಗಲೂ ಮುಖ ಗಂಟಿಕ್ಕಲಿಲ್ಲ.

"ಸಾಲಿನ ಕೊನೆಗಳು ಚೆನ್ನಾಗಿ ಬಂದಿವೆ" ಅಂದರು. "ಹೋನ್ಕ್ಯೋಕುವಿನಲ್ಲಿ ನೀನು ಉಸಿರು ಖಾಲಿ ಆದಾಗ ನಿಲ್ಲಿಸ್ತೀಯ. ಇಲ್ಲಿ ಬೇಕು ಅಂದಾಗ ನಿಲ್ಲಿಸಿದ್ದೀಯ. ಅದನ್ನು ಅಲ್ಲಿಗೂ ತಾ."

ಆಮೇಲೆ ಆ ಚಿ ಮೆರಿಯ ಜಾಗವನ್ನು ಮತ್ತೆ ಹಾಕಿಸಿದರು. ತಮ್ಮ ಕೊಳಲು ತಗೊಂಡು ಅದೇ ಸ್ವರ ಊದಿದರು. ನನ್ನದಕ್ಕಿಂತ ಕೆಳಗಿತ್ತು. ಪಿಯಾನೋದ ಕಪ್ಪು ಕೀಗಿಂತಲೂ ಒಂದು ಕೂದಲೆಳೆ ಕೆಳಗೆ, ಯಾವ ಕೀಬೋರ್ಡಿನಲ್ಲೂ ಸಿಗದ ಜಾಗದಲ್ಲಿ. ಮೆರಿ ಸ್ವರಗಳನ್ನು ಹಾಗೆ ತಗ್ಗಿಸಿ ಹಿಡಿಯೋದು ಹಳೆಯ ರೂಢಿ. ಒಂದು ಮಾತೂ ಆಡದೆ ಮತ್ತೊಮ್ಮೆ ಊದಿದರು. ಗಿಟಾರಿನ ಹಿರಿಯರು ತಂತಿ ಎಳೆದು ನಿಂತಿದ್ದು ಕೂಡ ಸರಿಯಾಗಿ ಅಲ್ಲೇ ಅಂತ ನನಗೆ ಆಗ ಕೇಳಿಸಿತು. ನಾನು ಗದ್ದ ಇನ್ನಷ್ಟು ಇಳಿಸಿದೆ. "ಇನ್ನೂ" ಅಂದರು. ಇಳಿಸಿದೆ. "ಇನ್ನೂ." ಪಾಠದ ಉಳಿದ ಹೊತ್ತೆಲ್ಲ ಆ ಒಂದೇ ಸ್ವರಕ್ಕೆ ಹೋಯಿತು.

ಹೊರಡುವಾಗ ಸೆನ್ಸೇ ಕಪಾಟಿನಿಂದ ರೇಷ್ಮೆ ಚೀಲದಲ್ಲಿದ್ದ ಚಿಕ್ಕ ಕೊಳಲೊಂದನ್ನು ತೆಗೆದು ಕೈಗಿಟ್ಟರು. ಸುಮಾರು 48 ಸೆಂಟಿಮೀಟರ್. ಅದರ ರೋ ಇ ಸ್ವರ. ಗಿಟಾರಿನವರು ಪಾಪ ಪ್ರತಿ ಸಲ ತಂತಿ ಇಳಿಸೋದು ಬೇಡ ಅಂದರು. ಕೊಳಲು ಚಿಕ್ಕದಾದಷ್ಟೂ ಗದ್ದ ಒಂಚೂರು ಅಲುಗಿದರೂ ಸ್ವರ ಬಹಳ ದೂರ ಹೋಗುತ್ತದೆ. ಈಗ ದಿನಾ ಸಂಜೆ ನದಿಯ ಹತ್ತಿರ ಅದರ ಮೆರಿಯನ್ನು ಹುಡುಕುತ್ತಿದ್ದೇನೆ. ಮುಂದಿನ ಸೆಷನ್ ಇ ಕೀಯಲ್ಲಿ ಅಂತ ಹಿರಿಯರಿಗೆ ಆಗಲೇ ಹೇಳಿಯಾಗಿದೆ.