ಹಿಗ್ಗುವ ಜೆಲ್ಲು ಮತ್ತು ನಮ್ಮ ಸೂಕ್ಷ್ಮದರ್ಶಕ

ಮೈಸೂರಿನ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನಗೆ, ಪ್ರೋಟೀನಿನ ಆಕಾರವನ್ನು ನಮ್ಮದೇ ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಬಹುದೆಂಬ ಮಾತು ಬಹುಕಾಲ ದೂರದ್ದಾಗಿಯೇ ಇತ್ತು. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೆಳಕಿನ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದೆಂಬ ಮಿತಿಯನ್ನು ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1873ರಲ್ಲಿಯೇ ವಿವರಿಸಿದ್ದರು. ರೋಗಾಣುಗಳನ್ನು ಎದುರಿಸುವ ಪ್ರೋಟೀನಾದ ಪ್ರತಿಕಾಯದ ಅಣುವಾದರೋ ಹತ್ತು ಹದಿನೈದು ನ್ಯಾನೋಮೀಟರಿನಷ್ಟು. ಆ ಮಿತಿಯನ್ನು ದಾಟಿದ ಬೆಟ್ಜಿಗ್, ಹೆಲ್ ಮತ್ತು ಮೋರ್ನರ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ಅವರ ವಿಧಾನಗಳು ಬೇಡುವ ಉಪಕರಣಗಳು ಮಾತ್ರ ನಮ್ಮ ಕೈಗೆಟುಕುವಂಥವಲ್ಲ.

2015ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಎಡ್ ಬಾಯ್ಡೆನ್ ಮತ್ತು ಸಂಗಡಿಗರು ಉಪಕರಣದ ಗೊಡವೆಗೆ ಹೋಗದೆ ಜೀವಕೋಶವನ್ನೇ ಹಿಗ್ಗಿಸಿದರು. ಮಗುವಿನ ಡೈಪರಿನಲ್ಲಿ ನೀರು ಹೀರುವ ಸೋಡಿಯಂ ಪಾಲಿಅಕ್ರಿಲೇಟ್ ಜಾತಿಯ ಜೆಲ್ಲನ್ನು ಕೋಶದೊಳಗೇ ಹೆಪ್ಪುಗಟ್ಟಿಸಿ, ಗುರುತು ಹಚ್ಚಿದ ಅಣುಗಳನ್ನು ಅದಕ್ಕೆ ಬಂಧಿಸಿ, ಉಳಿದ ಬಿಗುವನ್ನು ಕಿಣ್ವದಿಂದ ಸಡಿಲಿಸಿ ಶುದ್ಧ ನೀರು ಹಾಕಿದರೆ, ಜೆಲ್ಲು ಪ್ರತಿ ದಿಕ್ಕಿಗೂ ಸುಮಾರು ನಾಲ್ಕೂವರೆ ಪಟ್ಟು ಉಬ್ಬುತ್ತದೆ; ಒತ್ತೊತ್ತಾಗಿದ್ದ ಅಣುಗಳೂ ಅದರೊಂದಿಗೆ ದೂರ ಸರಿದು ಬೇರೆಬೇರೆಯಾಗಿ ಕಾಣುತ್ತವೆ. ನೀರಿನಲ್ಲಿ ಲವಣವಿದ್ದರೆ ಅಷ್ಟು ಉಬ್ಬುವುದಿಲ್ಲ, ಹಾಗಾಗಿ ನಲ್ಲಿಯ ಕಾವೇರಿ ನೀರು ಇಲ್ಲಿ ಕೆಲಸಕ್ಕೆ ಬಾರದು. ನನ್ನನ್ನು ಸೆಳೆದದ್ದು ಸಾಮಗ್ರಿಗಳ ಪಟ್ಟಿ: ಅಕ್ರಿಲಮೈಡ್, ಅಮೋನಿಯಂ ಪರ್‌ಸಲ್ಫೇಟ್, ಟೆಮೆಡ್. ಪ್ರೋಟೀನ್ ಬೇರ್ಪಡಿಸಲು ಜೆಲ್ ಓಡಿಸಿದ ಯಾವ ಎಂ.ಎಸ್ಸಿ. ವಿದ್ಯಾರ್ಥಿಗೂ ಇವು ಹೊಸವಲ್ಲ. (ಹೆಪ್ಪುಗಟ್ಟುವ ಮುನ್ನ ಅಕ್ರಿಲಮೈಡ್ ನರಗಳಿಗೆ ವಿಷ; ಕೈಗವಸು ಮರೆಯುವವರಿಗೆ ಈ ಮಾತು.)

ಜರ್ಮನಿಯ ಗಟಿಂಗನ್ನಿನ ಸಿಲ್ವಿಯೊ ರಿಜೊಲಿ ಅವರ ತಂಡ 2024ರಲ್ಲಿ ಪ್ರಕಟಿಸಿದ ವಿಧಾನ ಇನ್ನೂ ಮುಂದೆ ಹೋಗಿದೆ. ಜೆಲ್ಲನ್ನು ಸುಮಾರು ಹತ್ತು ಪಟ್ಟು ಹಿಗ್ಗಿಸಿ, ಒಂದೇ ಜಾಗದ ಚಿತ್ರಗಳನ್ನು ಸಾಲಾಗಿ ತೆಗೆದು, ಪ್ರತಿದೀಪ್ತಿಯ (ಬೆಳಕು ಬಿದ್ದಾಗ ಗುರುತಿಗೆ ಹಚ್ಚಿದ ಬಣ್ಣದ ಅಣುಗಳು ಮರಳಿ ಸೂಸುವ ಬೆಳಕಿನ) ಏರಿಳಿತವನ್ನು ಗಣಕದಲ್ಲಿ ವಿಶ್ಲೇಷಿಸಿದಾಗ ಒಂಟಿ ಪ್ರತಿಕಾಯದ ವೈ (Y) ಆಕಾರವೂ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಗೋಚರಿಸಿತು. ಪಾರ್ಕಿನ್‌ಸನ್ ರೋಗಿಗಳ ಮಿದುಳು-ಬೆನ್ನುಹುರಿ ದ್ರವದಲ್ಲಿರುವ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳನ್ನೂ ಅವರು ಹೀಗೆಯೇ ಪರೀಕ್ಷಿಸಿದ್ದಾರೆ.

ಆದರೆ ‘ಸಾಧಾರಣ ಸೂಕ್ಷ್ಮದರ್ಶಕ’ ಎಂಬುದನ್ನು ಪದವಿ ತರಗತಿಯ ಸಾದಾ ಉಪಕರಣವೆಂದು ತಿಳಿಯಬಾರದು. ಪ್ರತಿದೀಪ್ತಿಯ ಸೌಲಭ್ಯವೂ ಒಳ್ಳೆಯ ಕ್ಯಾಮೆರಾವೂ ಬೇಕೇ ಬೇಕು. ಉದ್ದದಲ್ಲಿ ಹತ್ತು ಪಟ್ಟು ಹಿಗ್ಗಿದರೆ ಗಾತ್ರ ಸಾವಿರ ಪಟ್ಟಾಗುವುದರಿಂದ ಬಣ್ಣದ ಅಣುಗಳು ಚದುರಿ ಬೆಳಕು ಕ್ಷೀಣಿಸುತ್ತದೆ, ತೇಲಾಡುವ ಜೆಲ್ಲನ್ನು ಅಲುಗದಂತೆ ಹಿಡಿದಿಡುವುದೂ ಒಂದು ಪಾಡು. ಅದಕ್ಕಿಂತ ದೊಡ್ಡ ಸಂಶಯ ನನಗಿರುವುದು ಹಿಗ್ಗುವಿಕೆಯ ಸಮತೆಯ ಬಗ್ಗೆ. ಹಿಗ್ಗಿಸುವ ಮುನ್ನ ಸಡಿಲಿಸುವಾಗ ತುಂಡಾದ ಪ್ರೋಟೀನಿನ ಭಾಗಗಳು ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಸರಿಯದಿದ್ದರೆ, ಪರದೆಯ ಮೇಲೆ ಮೂಡುವ ಆಕಾರ ಜೆಲ್ಲಿನದೋ ಪ್ರೋಟೀನಿನದೋ ಎಂದು ಹೇಳುವುದು ಕಷ್ಟ. ಆದ್ದರಿಂದ ನಮ್ಮಲ್ಲಿ ಇದನ್ನು ಆರಂಭಿಸುವುದಾದರೆ, 25 ನ್ಯಾನೋಮೀಟರ್ ವ್ಯಾಸದ್ದೆಂದು ಈಗಾಗಲೇ ಗೊತ್ತಿರುವ ಸೂಕ್ಷ್ಮನಾಳಿಕೆಗಳನ್ನು (ಕೋಶದೊಳಗಿನ ಪ್ರೋಟೀನ್ ಕೊಳವೆಗಳನ್ನು) ಮೊದಲು ಆರಿಸಿಕೊಂಡು, ಹಿಗ್ಗಿಸುವ ಮುಂಚೆಯೂ ಆಮೇಲೂ ಅದೇ ಕೋಶದ ಚಿತ್ರ ತೆಗೆದು ತಾಳೆ ನೋಡುವುದು ಉಚಿತವೆಂದು ನನ್ನ ಅಭಿಪ್ರಾಯ.