‘ನೆಟ್ ಇಲ್ಲ’ ಅಂದರೆ ಏನಿಲ್ಲ?

ಮನೆಯಲ್ಲಿ ಇಂಟರ್ನೆಟ್ ನಿಂತರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನೆಟ್ ಇಲ್ಲ’. ಕನೆಕ್ಷನ್ ಕೊಟ್ಟವರ ಕಡೆಯಿಂದಲೂ ಒಂದೇ ಉತ್ತರ: ‘ರೌಟರ್ ಆಫ್ ಮಾಡಿ ಆನ್ ಮಾಡಿ’. ಆದರೆ ಮೊಬೈಲಿನಿಂದ ಹೊರಟ ಕೋರಿಕೆ ದೂರದ ಸರ್ವರ್ ಮುಟ್ಟುವ ಮೊದಲು ನಾಲ್ಕೈದು ಕಡೆ ಹಾದುಹೋಗಬೇಕು. ಅದು ಎಲ್ಲಿ ಬೇಕಾದರೂ ನಿಲ್ಲಬಹುದು. ಒಎನ್‌ಟಿ, ಡಿಎಚ್‌ಸಿಪಿ, ಡಿಎನ್‌ಎಸ್ ಅಂತ ಕೇಳುತ್ತೀರಲ್ಲ, ಅವು ಆ ಜಾಗಗಳ ಹೆಸರುಗಳು. ಹೆಸರು ಗೊತ್ತಿದ್ದರೆ ಎಲ್ಲಿ ನಿಂತಿದೆ ಅಂತ ನೀವೇ ಹೇಳಬಹುದು. ಆಗ ರಿಪೇರಿಗೆ ಬರುವವರ ಕೆಲಸವೂ ಅರ್ಧ ಮುಗಿದಂತೆ.

ಮೊದಲು ಗೋಡೆಯ ಮೇಲಿನ ಡಬ್ಬಿ. ಫೈಬರ್ ಕನೆಕ್ಷನ್ನಿನ ಈ ಒಂದೇ ಡಬ್ಬಿಯೊಳಗೆ ಸಾಮಾನ್ಯವಾಗಿ ನಾಲ್ಕು ಕೆಲಸ ನಡೆಯುತ್ತವೆ. ಬೆಳಕಾಗಿ ಬಂದ ಸಂಕೇತವನ್ನು ವಿದ್ಯುತ್ ಸಂಕೇತ ಮಾಡುವ ಭಾಗ ಒಎನ್‌ಟಿ. ಮನೆಯ ಜಾಲವನ್ನು ಹೊರಗಿನ ಜಾಲಕ್ಕೆ ಸೇರಿಸುವುದು ರೌಟರ್. ಕೇಬಲ್ ಹಾಕಿದ ಸಾಧನಗಳನ್ನು ಒಂದಕ್ಕೊಂದು ಸೇರಿಸುವ, ಹಿಂದಿರುವ ಲ್ಯಾನ್ ಕಿಂಡಿಗಳು ಸ್ವಿಚ್. ಗಾಳಿಯಲ್ಲಿ ಸಿಗ್ನಲ್ ಕೊಡುವುದು ವೈಫೈ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಮೊಬೈಲಿನಿಂದ ಡಬ್ಬಿಯವರೆಗಿನ ಹತ್ತಿಪ್ಪತ್ತು ಅಡಿ ಮಾತ್ರ ವೈಫೈನದು. ಆದ್ದರಿಂದ ‘ಸಿಗ್ನಲ್ ಫುಲ್ ಇದೆ, ಆದ್ರೂ ಏನೂ ಓಪನ್ ಆಗ್ತಿಲ್ಲ’ ಅನ್ನುವುದರಲ್ಲಿ ವಿಚಿತ್ರವೇನಿಲ್ಲ. ಡಬ್ಬಿಯ ತನಕ ದಾರಿ ಸರಿಯಿದೆ, ಅದರಾಚೆ ಕೆಟ್ಟಿದೆ, ಅಷ್ಟೆ.

ಡಬ್ಬಿಯ ಮೇಲೆ ಎಲ್‌ಒಎಸ್ ಅಂತ ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಬರುವುದಿಲ್ಲ. ವೈರು ಬಾಗಿಲ ಸಂದಿಗೆ ಸಿಕ್ಕಿದೆಯಾ, ಮೊಳೆಗೆ ಬಿಗಿಯಾಗಿ ಸುತ್ತಿದೆಯಾ ನೋಡಿ. ಬೆಳಕು ಹರಿಯುವ ಗಾಜಿನ ತಿರುಳು ಸುಮಾರು 9 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ತೀರಾ ಬಗ್ಗಿದರೆ ಬೆಳಕು ಬಳುಕಿನಲ್ಲೇ ಸೋರಿಹೋಗುತ್ತದೆ. ಹಸಿರು ತಲೆಯ ಕನೆಕ್ಟರನ್ನು ಬಿಚ್ಚಿ ಬಾಯಿಂದ ಊದುವುದು, ಬೆರಳಲ್ಲಿ ಒರೆಸುವುದು ಬೇಡ. ಒಂದು ಕಣ ಧೂಳು ಕೂತರೂ ತೊಂದರೆ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂಬಾರದು, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಬ್ರೌಸರಿನಲ್ಲಿ ತೆರೆಯುವ ಡಬ್ಬಿಯ ಸ್ಟೇಟಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’, ಅಂದರೆ ಬಂದು ಮುಟ್ಟುವ ಬೆಳಕಿನ ಬಲ, ಎಂಬ ಅಂಕಿ ಇರುತ್ತದೆ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ನಿಶ್ಚಿಂತೆ. ಮೈನಸ್ 27 ದಾಟಿದರೆ ಆಗಾಗ ಕಡಿದುಹೋಗುತ್ತದೆ. 3 ಇಳಿಯಿತೆಂದರೆ ಬೆಳಕು ಅರ್ಧಕ್ಕೆ ಇಳಿಯಿತು ಅಂತ ಲೆಕ್ಕ. ದೂರು ಕೊಡುವಾಗ ಈ ಅಂಕಿಯನ್ನು ಹೇಳಿ.

ಬೆಳಕು ಸರಿಯಿದ್ದರೆ ಮುಂದಿನದು ಐಪಿ ಅಡ್ರೆಸ್. ಮನೆಯ ಪ್ರತಿ ಸಾಧನಕ್ಕೂ 192.168.1.5 ಥರದ ಒಂದು ಒಳಗಿನ ವಿಳಾಸ ಬೇಕು. ಅದನ್ನು ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಕೊಡುವುದು ಶಾಶ್ವತವಾಗಿ ಅಲ್ಲ, ಗಡುವಿನ ಮೇಲೆ, ಎಷ್ಟೋ ರೌಟರ್‌ಗಳಲ್ಲಿ 24 ಗಂಟೆಗೆ. ಪಿಜಿ, ಹೋಟೆಲ್, ಸಣ್ಣ ಆಫೀಸುಗಳಲ್ಲಿ ಎಡವಟ್ಟಾಗುವುದು ಇಲ್ಲೇ. 100ರಿಂದ 199ರವರೆಗೆ ಹಂಚು ಅಂತ ರೌಟರಿನಲ್ಲಿ ಇದ್ದರೆ ಸಿಗುವುದು 100 ವಿಳಾಸ. ಬೆಳಗ್ಗೆ ಬಂದು ಹೋದವರ ಮೊಬೈಲುಗಳು ಮರುದಿನದವರೆಗೆ ಅವನ್ನು ಹಿಡಿದಿಟ್ಟುಕೊಂಡಿರುತ್ತವೆ, 101ನೆಯವರಿಗೆ ಸಿಗುವುದಿಲ್ಲ. ಗಡುವನ್ನು 2 ಗಂಟೆಗೆ ಇಳಿಸಿದರೆ ಸಾಕು, ಹೊಸ ರೌಟರ್ ಬೇಕಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಅಂಕಿ ಇಟ್ಟುಕೊಂಡಿದೆ.

ಇನ್ನೊಂದು ತೊಂದರೆ ಮಹಡಿ ಮನೆಗೆ ಹಾಕುವ ಎರಡನೇ ರೌಟರಿನದು. ಎರಡನ್ನೂ ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೆ ಹಾಗೇ ಸೇರಿಸಿದರೆ ಎರಡೂ ವಿಳಾಸ ಹಂಚತೊಡಗುತ್ತವೆ. ಎಷ್ಟೋ ಸಲ ಎರಡೂ ‘ನಾನೇ 192.168.1.1’ ಅನ್ನುತ್ತವೆ. ಟಿವಿಗೆ ನೆಟ್ ಬರುತ್ತದೆ, ಮೊಬೈಲಿಗೆ ಬರುವುದಿಲ್ಲ. ಸಂಜೆಗೆ ಅದು ತಿರುವುಮುರುವು. ಹೀಗೆ ಮಾಡಿ: ಹೊಸ ರೌಟರನ್ನು ಮೊದಲು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ. ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ. ಹಳೆಯದರಲ್ಲಿ ಹಂಚಿಕೆ 10ರಿಂದ ಶುರುವಾಗಲಿ. ಆಮೇಲೆ ಲ್ಯಾನ್‌ನಿಂದ ಲ್ಯಾನ್‌ಗೆ ಕೇಬಲ್ ಹಾಕಿ, ಹೊಸದರ ವ್ಯಾನ್ ಕಿಂಡಿ (ಹೊರಗಿನ ಲೈನ್ ಹಾಕುವ ಕಿಂಡಿ) ಖಾಲಿ ಬಿಡಿ.

ಹೊರಗಿನ ಜಗತ್ತಿಗೆ ಈ ಒಳಗಿನ ವಿಳಾಸಗಳು ಕಾಣುವುದಿಲ್ಲ. ರೌಟರ್ ಎಲ್ಲವನ್ನೂ ಒಂದೇ ವಿಳಾಸದ ಹಿಂದೆ ಅಡಗಿಸುತ್ತದೆ, ಅದೇ ನ್ಯಾಟ್. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ, ಇಡೀ ಜಗತ್ತಿಗೆ ಸಾಲದು. ಹಾಗಾಗಿ ಅನೇಕ ಕಂಪನಿಗಳು ನೂರಾರು ಮನೆಗಳನ್ನು ಮತ್ತೆ ಒಂದೇ ವಿಳಾಸದ ಹಿಂದೆ ಸೇರಿಸುತ್ತವೆ. ನಿಮ್ಮ ರೌಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವೂ ಆ ಸಾಲಿನಲ್ಲಿದ್ದೀರಿ. ಸಿನಿಮಾ ನೋಡಲು, ಬ್ಯಾಂಕ್ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕೋರಿಕೆಯನ್ನು ಮನೆಯೊಳಗಿನ ಒಂದು ಸಾಧನಕ್ಕೆ ಕಳಿಸುವ ವ್ಯವಸ್ಥೆ) ಮಾಡಿ ತೋಟದ ಮನೆಯ ಕ್ಯಾಮೆರಾವನ್ನು ಊರಿನಿಂದ ನೋಡಬೇಕೆಂದರೆ ಆಗದು. ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ವಿಳಾಸ, ಕೇಳಿ ತೆಗೆದುಕೊಳ್ಳಬೇಕು, ಇಲ್ಲವೇ ಹೊಸ ಪದ್ಧತಿಯಾದ ಐಪಿವಿ6 ಬಳಸಬೇಕು.

ಡಿಎನ್‌ಎಸ್ ಮಾಡುವುದು ತಾಣದ ಹೆಸರಿಗೆ ಅದರ ಐಪಿ ಅಂಕಿ ಹುಡುಕಿಕೊಡುವ ಕೆಲಸ. 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಇದನ್ನು ರೂಪಿಸಿದರು. ಮೂಲ ವ್ಯವಸ್ಥೆ ಇಂಗ್ಲಿಷ್ ಅಕ್ಷರಗಳದ್ದೇ. ‘.ಭಾರತ’ ಅಂತ ಕೊನೆಗೊಳ್ಳುವ ಕನ್ನಡ ವಿಳಾಸ ಟೈಪ್ ಮಾಡಿದರೆ ಬ್ರೌಸರ್ ಅದನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ತಿರುಗಿಸಿ ಕಳಿಸುತ್ತದೆ. ಡಿಎನ್‌ಎಸ್ ಕೆಟ್ಟರೆ ದಾರಿ ಸರಿಯಿದ್ದೂ ಏನೂ ತೆರೆಯುವುದಿಲ್ಲ.

ಇದನ್ನೆಲ್ಲ ಬೇರ್ಪಡಿಸಿ ನೋಡಲು ಪಿಂಗ್ ಸಾಕು. ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದೇ ಪಿಂಗ್. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೌಟರಿಗೆ, ಸಾಮಾನ್ಯವಾಗಿ 192.168.1.1ಕ್ಕೆ, ಪಿಂಗ್ ಮಾಡಿ. ಉತ್ತರವಿಲ್ಲದಿದ್ದರೆ ತಪ್ಪು ವೈಫೈನಲ್ಲಿ ಅಥವಾ ವಿಳಾಸದಲ್ಲಿ. ಬಂದರೆ 8.8.8.8ಕ್ಕೆ, ಅಂದರೆ ಗೂಗಲ್‌ನ ಡಿಎನ್‌ಎಸ್ ಸರ್ವರಿಗೆ ಮಾಡಿ. ಅದಕ್ಕೆ ಬರದಿದ್ದರೆ ಹೊರಗಿನ ಲೈನು. ಅದೂ ಬಂದು, ಹೆಸರು ಕೊಟ್ಟಾಗ ‘ಹೋಸ್ಟ್ ಸಿಗಲಿಲ್ಲ’ ಅಂದರೆ ಡಿಎನ್‌ಎಸ್. ರೌಟರಿನಲ್ಲಿ ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8 ಮಾಡಿ ನೋಡಿ. ಕೆಲವು ತಾಣಗಳು ಪಿಂಗ್‌ಗೆ ಉತ್ತರ ಕೊಡದಂತೆ ತಾವೇ ತಡೆದಿರುತ್ತವೆ, ಅದು ದೋಷವಲ್ಲ.

ಕೊನೆಯದಾಗಿ ಸ್ಪೀಡ್. ಪ್ಲಾನಿನಲ್ಲಿ ಹೇಳುವ 100 ಎಂಬಿಪಿಎಸ್ ಮೆಗಾಬಿಟ್ ಲೆಕ್ಕ, ಫೈಲಿನ ಎಂಬಿ ಮೆಗಾಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್. ಆದ್ದರಿಂದ ಸೆಕೆಂಡಿಗೆ 12.5 ಎಂಬಿ ಬಂದರೆ ಪೂರ್ತಿ ಬಂದಂತೆ, ಮೋಸವಿಲ್ಲ. ಲೇಟೆನ್ಸಿ, ಅಂದರೆ ಹೋಗಿಬರುವ ಹೊತ್ತು, ಇದಕ್ಕಿಂತ ಬೇರೆ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಸಾವಿರ ಕಿ.ಮೀ. ಆಚೆಯ ಸರ್ವರಿಗೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ದುಬಾರಿ ಪ್ಲಾನ್ ಹಾಕಿಸಿದರೂ ಅದು ಕಡಿಮೆಯಾಗದು.

300ರ ಪ್ಲಾನಿದ್ದೂ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಪ್ರತಿ ಸಲ 94–95ರ ಹತ್ತಿರ ನಿಂತರೆ ಆ ಕೇಬಲ್ಲನ್ನೇ ನೋಡಿ. ಅದರೊಳಗೆ 8 ತಂತಿ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ಕಡಿದರೂ ಎರಡು ತುದಿಗಳೂ ಸದ್ದಿಲ್ಲದೆ 100ಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ. ತುದಿ ಕತ್ತರಿಸಿ ಹೊಸ ಆರ್‌ಜೆ45 ತಲೆ ಹಾಕಿಸಿ. ಲಾಕ್ ಕೆಳಗಿರುವಂತೆ, ತಂತಿ ಒಳಹೋಗುವ ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದರೆ ಎಡದಿಂದ ಬಣ್ಣದ ಸಾಲು ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.